ಉಪಾಧ್ಯಾಯನಾದ ಓಮ್

ವಿದ್ಯುದ್ದೀಪವನ್ನು ಹೊತ್ತಿಸುವಾಗಲೂ ಇಸ್ತ್ರಿಪೆಟ್ಟಿಗೆಯನ್ನು ಕಾಯಿಸುವಾಗಲೂ ಒಬ್ಬ ಶಾಲಾ ಉಪಾಧ್ಯಾಯನು ಕಂಡುಹಿಡಿದ ನಿಯಮವು ನಮ್ಮ ಕೈಯಲ್ಲಿ ನಡೆಯುತ್ತಿರುವುದು. ಆತನ ನಿಯಮವನ್ನು ತರಗತಿಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದೆವು. ಆತನು ಪಟ್ಟ ಪಾಡನ್ನಾದರೋ ನಮ್ಮಲ್ಲಿ ಬಲ್ಲವರು ವಿರಳ.

ಜಾರ್ಜ್ ಸೈಮನ್ ಓಮನು 1789ನೆಯ ಇಸವಿ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದನು. ತಂದೆಯು ಬೀಗ ಮಾಡುವ ಕಸುಬಿನವನು. ಆದರೂ ಸ್ವಂತ ಶ್ರಮದಿಂದ ಗಣಿತವನ್ನು ಚೆನ್ನಾಗಿ ಕಲಿತಿದ್ದನು. ಏಳು ಮಕ್ಕಳಲ್ಲಿ ಉಳಿದವರು ಮೂವರೇ. ಓಮನು ಹತ್ತು ವರ್ಷದವನಾಗಿದ್ದಾಗ ತಾಯಿಯೂ ತೀರಿಕೊಂಡಳು. ತಂದೆಯು ಎದೆಗುಂದದೆ ಗಂಡುಮಕ್ಕಳಿಬ್ಬರಿಗೂ ತಾನೇ ಗಣಿತವನ್ನು ಕಲಿಸಿದನು. ಕಿರಿಯವನಾದ ಮಾರ್ಟಿನನು ಮುಂದೆ ಗಣಿತದ ಪ್ರೊಫೆಸರನಾದನು.

ಓಮನು 1805ರಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಕುಣಿತ, ಬಿಲಿಯರ್ಡ್ಸ್, ಮಂಜುಗಡ್ಡೆಯ ಮೇಲಿನ ಜಾರಾಟ ಇವುಗಳಲ್ಲಿ ಮಗನು ಕಾಲ ಕಳೆಯುವುದನ್ನು ಕಂಡು ತಂದೆಯು ನೊಂದು ಓದನ್ನು ನಿಲ್ಲಿಸಿದನು. ಮಗನು ಸ್ವಿಟ್ಜರ್ಲೆಂಡಿನ ಶಾಲೆಯೊಂದರಲ್ಲಿ ಗಣಿತವನ್ನು ಬೋಧಿಸುತ್ತಾ ತಾನೂ ಓದಿ, ಹಿಂದಿರುಗಿ ಬಂದು 1811ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. 1817ರಲ್ಲಿ ಕಲೋನ್ ನಗರದ ಪ್ರೌಢಶಾಲೆಯ ಉಪಾಧ್ಯಾಯನಾದನು. ಅಲ್ಲಿ ಒಳ್ಳೆಯ ಪ್ರಯೋಗಶಾಲೆಯಿದ್ದಿತು. ತಂದೆಯ ಅಂಗಡಿಯಲ್ಲಿ ಕಲಿತ ಕೈಗೆಲಸವು ಉಪಕರಣಗಳನ್ನು ಮಾಡಿಕೊಳ್ಳಲು ಒದಗಿತು.

ಲೋಹಗಳು ವಿದ್ಯುತ್ತನ್ನು ಹರಿಯಗೊಡುವುವು, ರೇಷ್ಮೆ ಗಾಜು ಮೊದಲಾದವು ಹರಿಯಗೊಡವು ಎಂಬುದನ್ನು ಇಂಗ್ಲೆಂಡಿನ ಸ್ಟೀಫನ್ ಗ್ರೇ ಮುಂತಾದವರು 1729ರಿಂದಲೇ ತೋರಿಸುತ್ತ ಬಂದಿದ್ದರು. ಆದರೆ ಒಂದು ತಂತಿಯಲ್ಲಿ ಎಷ್ಟು ವಿದ್ಯುತ್ತು ಹರಿಯುವುದೆಂದು ಲೆಕ್ಕ ಹೇಳುವ ನಿಯಮವಿನ್ನೂ ಸ್ಥಿರಪಟ್ಟಿರಲಿಲ್ಲ. ಓಮನು ಕೈಗೊಂಡುದು ಇದನ್ನೇ. ಆ ಕಾಲದ ವಿದ್ಯುತ್ಕೋಶಗಳ ಬಲವು ಅಳೆಯುತ್ತಿರುವಾಗಲೇ ಏರಿಳಿಯುತ್ತಿದ್ದುದರಿಂದ 1825ರ ಪ್ರಯತ್ನಗಳು ತೃಪ್ತಿ ಕೊಡಲಿಲ್ಲ. ಪೊಗೆನ್‌ಡಾರ್ಫ್ ಎಂಬ ಪತ್ರಿಕಾಸಂಪಾದಕನ ಸಲಹೆಯಂತೆ ಆತನು ಬಿಸ್ಮತ್ ಲೋಹಕ್ಕೆ ತಾಮ್ರವನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲಿಯೂ ಇರಿಸಿದನು. ಎರಡರ ಶಾಖವೂ ಬದಲಾಗದ ಕಾರಣ ಸ್ಥಿರವಾದ ವಿದ್ಯುತ್ತು ದೊರೆಯಿತು. ಬಳಿಕ ಒಂದೇ ದಪ್ಪದ 8 ತಾಮ್ರದ ತಂತಿಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿ, ತೂಗುಬಿಟ್ಟ ಕಾಂತಸೂಜಿಯ ಸಹಾಯದಿಂದ ಪ್ರವಾಹವನ್ನು ಅಳೆದನು. ಅತಿ ಗಿಡ್ಡ ತಂತಿಯು 2 ಅಂಗುಲ. ಅತಿ ಉದ್ದವಾದುದು ಸುಮಾರು 130 ಅಂಗುಲ.

ಇಂತಹ ಅಳತೆಗಳಿಂದ ಹೊರಟ ಸಾರವಿದು: ವಿದ್ಯುತ್ತನ್ನು ನೂಕುವ ಬಲವು ಇಮ್ಮಡಿಯಾದರೆ ಪ್ರವಾಹವೂ ಇಮ್ಮಡಿಯಾಗುವುದು, ತಡೆಯು ಇಮ್ಮಡಿಯಾದರೆ ಪ್ರವಾಹವು ಅರ್ಧವಾಗುವುದು. ತಂತಿಯು ಉದ್ದವಾದಷ್ಟೂ ತಡೆಯು ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಲೋಹದೊಳಗೆ ಸ್ವತಂತ್ರವಾಗಿ ಚಲಿಸುವ ಎಲೆಕ್ಟ್ರಾನುಗಳೇ ಈ ಪ್ರವಾಹಕ್ಕೆ ಕಾರಣವೆಂಬುದು ಬಹುಕಾಲದ ಮೇಲೆ ತಿಳಿಯಿತು. ಎಲ್ಲ ಲೋಹಗಳ ತಡೆಯೂ ಸಮನಲ್ಲ. ಬೆಳ್ಳಿಯದು ಎಲ್ಲಕ್ಕಿಂತ ಅಲ್ಪ, ತಾಮ್ರದ್ದು ಅದರ ಬಳಿಯದು. ಕಬ್ಬಿಣದ್ದು ತಾಮ್ರದ ಸುಮಾರು 6 ಮಡಿ. ಆದುದರಿಂದಲೇ ಮನೆಯ ಗೋಡೆಯಲ್ಲಿ ಸಾಮಾನ್ಯವಾಗಿ ತಾಮ್ರದ ತಂತಿಯನ್ನೂ, ಕಾಯಬೇಕಾದ ಇಸ್ತ್ರಿಪೆಟ್ಟಿಗೆಯೊಳಗೆ ಬಹಳ ತಡೆಯುಳ್ಳ ನಿಕ್ರೋಮ್ ತಂತಿಯನ್ನೂ ಇಡುವರು.

ಓಮನು 1827ರಲ್ಲಿ ಈ ವಿಚಾರವನ್ನು ಗ್ರಂಥರೂಪವಾಗಿ ಬರ್ಲಿನಿನಲ್ಲಿ ಪ್ರಕಟಿಸಿದನು. ವಿದ್ವಾಂಸರಲ್ಲಿ ಅನೇಕರು ಅದನ್ನು ಆದರಿಸಲಿಲ್ಲ, ಕೆಲವರು ಜರಿದರು. ಆತನು ಬಯಸಿದ್ದ ವಿಶ್ವವಿದ್ಯಾನಿಲಯದ ಹುದ್ದೆಯು ದೊರೆಯಲಿಲ್ಲ. ಮನನೊಂದು ಕಲೋನಿನ ಕೆಲಸವನ್ನೂ ಬಿಟ್ಟು ಕೆಲವು ವರ್ಷ ಬಡತನದಲ್ಲಿ ಕಳೆದನು. 1833ರಲ್ಲಿ ನ್ಯೂರೆಂಬರ್ಗಿನ ಪಾಲಿಟೆಕ್ನಿಕ್ ಶಾಲೆಯಲ್ಲಿ ಕೆಲಸವು ಸಿಕ್ಕಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಚಿಕ್ಕಂದಿನಿಂದ ಹಂಬಲಿಸಿದ್ದ ಭೌತವಿಜ್ಞಾನದ ಪೀಠವು ಮ್ಯೂನಿಚ್ ವಿಶ್ವವಿದ್ಯಾನಿಲಯದಲ್ಲಿ ಲಭಿಸಿದ್ದು 1852ರಲ್ಲಿ. ಎರಡು ವರ್ಷ ತುಂಬುವಷ್ಟರಲ್ಲಿ, 1854ರ ಜುಲೈ 6ರಂದು, ಆತನು ಮರಣ ಹೊಂದಿದನು. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ವಿದ್ಯುತ್ ಸಮ್ಮೇಳನವು ತಡೆಯ ಅಳತೆಗೆ ಓಮ್ ಎಂಬ ಹೆಸರನ್ನು ಸ್ಥಿರಪಡಿಸಿತು.

ಹದಿನಾಲ್ಕು ವರ್ಷ ಮನ್ನಣೆಗಾಗಿ ಕಾದವನಿಗೆ ಕಡೆಗೆ ಆಧಾರವಾದುದು ತನ್ನ ಅಳತೆಯ ಸತ್ಯವೊಂದೇ. ತಾಯಿಯಿಲ್ಲದ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದ ಆ ಬೀಗದ ಕಸುಬಿನವನನ್ನು ಹೆತ್ತವರಾದ ನಾವು ನೆನೆಯೋಣ. ಶಾಲೆಗಳಲ್ಲಿ ಬೋಧಿಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಮ್ಮ ಕೆಲಸವನ್ನು ಕಿರಿದೆಂದೆಣಿಸದಿರಲಿ.