ಹರ್ಮನ್ ಮಿಂಕೋವ್ಸ್ಕಿ: ಸಂಖ್ಯೆಗಳಲ್ಲಿ ಆಕಾರ ಕಂಡ ಗಣಿತಜ್ಞ

ಹರ್ಮನ್ ಮಿಂಕೋವ್ಸ್ಕಿ 1864ರ ಜೂನ್ 22ರಂದು ಇಂದಿನ ಲಿಥುವೇನಿಯಾದ ಕೌನಸ್ ಬಳಿಯ ಅಲೆಕ್ಸೊತಾಸ್‌ನಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಆಗ ಆ ಊರು ರಷ್ಯಾ ಸಾಮ್ರಾಜ್ಯದಲ್ಲಿತ್ತು. ಅಲ್ಲಿ ಯಹೂದಿಗಳಿಗಿದ್ದ ಕಿರುಕುಳದಿಂದಾಗಿ 1872ರಲ್ಲಿ ಕುಟುಂಬ ಜರ್ಮನಿಯ ಕೊನಿಗ್ಸ್‌ಬರ್ಗ್‌ಗೆ ಬಂದು ನೆಲೆಸಿತು. ಅಣ್ಣ ಆಸ್ಕರ್ ಮುಂದೆ ಮಧುಮೇಹಕ್ಕೂ ಮೇದೋಜೀರಕ ಗ್ರಂಥಿಗೂ ಇರುವ ಸಂಬಂಧವನ್ನು ಕಂಡುಹಿಡಿದವರಲ್ಲಿ ಒಬ್ಬರಾದರು.

1883ರಲ್ಲಿ, 18ರ ಹರೆಯದಲ್ಲೇ, ಮಿಂಕೋವ್ಸ್ಕಿಗೆ ಪ್ಯಾರಿಸ್ ವಿಜ್ಞಾನ ಅಕಾಡೆಮಿಯ ಮಹಾ ಬಹುಮಾನ ಬಂತು. ಸಂಖ್ಯೆಯೊಂದನ್ನು ಐದು ವರ್ಗಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು ಎಂಬುದು ಅಲ್ಲಿನ ಪ್ರಶ್ನೆ. ಬಹುಮಾನವನ್ನು ಹಂಚಿಕೊಂಡ ಹಿರಿಯ ಗಣಿತಜ್ಞ ಹೆನ್ರಿ ಸ್ಮಿತ್ ಅಷ್ಟರಲ್ಲಿ ತೀರಿಕೊಂಡಿದ್ದರು. ಮಿಂಕೋವ್ಸ್ಕಿ ಬಹಳ ಸಂಕೋಚದ ಸ್ವಭಾವದವರು. ಬರ್ಲಿನ್‌ನಲ್ಲಿ ಓದುವಾಗ ಗೆದ್ದ ಇನ್ನೊಂದು ಬಹುಮಾನದ ಹಣವನ್ನು ಬಡ ಸಹಪಾಠಿಗೆ ಬಿಟ್ಟುಕೊಟ್ಟಿದ್ದರು. ಆ ಸಂಗತಿ ಮನೆಯವರಿಗೆ ತಿಳಿದದ್ದು ಎಷ್ಟೋ ಕಾಲದ ನಂತರ.

ಅವರ ದೊಡ್ಡ ಕೊಡುಗೆ 'ಸಂಖ್ಯೆಗಳ ರೇಖಾಗಣಿತ'. ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಮೂಲಬಿಂದುವಿನ ಸುತ್ತ ಸಮಮಿತಿಯುಳ್ಳ, ಎಲ್ಲೂ ಒಳಕ್ಕೆ ತಗ್ಗದ ಒಂದು ಪೀನಾಕೃತಿ ಬರೆಯಿರಿ. ಅದರ ವಿಸ್ತೀರ್ಣ 4 ಚದರ ಮಾನಕ್ಕಿಂತ ಹೆಚ್ಚಿದ್ದರೆ, ಮೂಲಬಿಂದುವಲ್ಲದೆ ಇನ್ನೊಂದು ಪೂರ್ಣಾಂಕ ಬಿಂದು ಅದರೊಳಗೆ ಇದ್ದೇ ಇರುತ್ತದೆ. ಇದು ಮಿಂಕೋವ್ಸ್ಕಿ ಪ್ರಮೇಯ.

ಜ್ಯೂರಿಕ್‌ನಲ್ಲಿ ಅವರು ಪಾಠ ಹೇಳಿದವರಲ್ಲಿ ಐನ್‌ಸ್ಟೈನ್ ಒಬ್ಬರು. 1902ರಲ್ಲಿ ಗೆಳೆಯ ಹಿಲ್ಬರ್ಟ್ ಇದ್ದ ಗಾಟಿಂಗನ್‌ಗೆ ಹೋದರು. 1908ರಲ್ಲಿ ದೇಶ ಮತ್ತು ಕಾಲ ಬೇರೆಬೇರೆಯಲ್ಲ, ಎರಡೂ ಸೇರಿ ನಾಲ್ಕು ಆಯಾಮಗಳ ಒಂದೇ ಜಗತ್ತು ಎಂದು ತೋರಿಸಿದರು. ಕೆಲವೇ ತಿಂಗಳಲ್ಲಿ, 1909ರ ಜನವರಿ 12ರಂದು, ಅಪೆಂಡಿಸೈಟಿಸ್‌ನಿಂದ ನಿಧನರಾದರು. ವಯಸ್ಸು ಕೇವಲ 44. ಅವರ ಬರಹಗಳನ್ನು ಹಿಲ್ಬರ್ಟ್ ಸಂಪಾದಿಸಿ ಪ್ರಕಟಿಸಿದರು.

ಪೀನಾಕೃತಿಗಳ ಅಧ್ಯಯನ ಅಲ್ಲಿಗೆ ನಿಲ್ಲಲಿಲ್ಲ. ಗಾಟಿಂಗನ್‌ನಲ್ಲೇ ಓದಿದ ಬುಸೆಮನ್, ಪೆಟ್ಟಿ ಜೊತೆಗೂಡಿ 1956ರಲ್ಲಿ ಒಂದು ಪ್ರಶ್ನೆ ಕೇಳಿದರು. ಕೇಂದ್ರದ ಸುತ್ತ ಸಮಮಿತಿಯುಳ್ಳ ಎರಡು ಪೀನ ಘನಾಕೃತಿಗಳಿವೆ. ಕೇಂದ್ರದ ಮೂಲಕ ಯಾವ ದಿಕ್ಕಿನಲ್ಲಿ ಕೊಯ್ದರೂ ಮೊದಲನೆಯದರ ಕೊಯ್ತವೇ ಚಿಕ್ಕದು. ಹಾಗಾದರೆ ಅದರ ಘನಫಲವೂ ಚಿಕ್ಕದೇ? ಹೌದೆಂದೇ ಯಾರಿಗೂ ಅನಿಸುತ್ತದೆ. ನಾಲ್ಕು ಆಯಾಮಗಳವರೆಗೆ ಅದು ನಿಜ. ಐದರಿಂದ ಮುಂದೆ ಸುಳ್ಳು! ಪೂರ್ಣ ಉತ್ತರ ಸಿಕ್ಕಿದ್ದು 1999ರ ಹೊತ್ತಿಗೆ.

ಕಣ್ಣಿಗೆ ಸರಿಯೆಂದು ಕಂಡದ್ದಕ್ಕೂ ಗಣಿತದಲ್ಲಿ ಸಾಧನೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?