ಬೀದಿಮಾತಿನ ಕ್ಯಾಪ್ಟನ್

ಹೋದ ಸಂಚಿಕೆಯ ಪ್ರತಿ ತಿದ್ದುವಾಗ ಗೆಳೆಯನ ಕಥೆಯಲ್ಲಿದ್ದ ‘ಟಪೋರಿ’ ಎಂಬ ಮಾತನ್ನು ಹೊಡೆದುಹಾಕಿ ‘ಪುಂಡ’ ಎಂದು ಬರೆದವನು ನಾನೇ. ಅವನು ಜಗಳ ಆಡಲಿಲ್ಲ. ಈ ಸಲ ಕಥೆ ಕೊಡಲಿಲ್ಲ, ಅಷ್ಟೆ. ಆಮೇಲೆ ಫ್ರಾನ್ಸಿಸ್ ಗ್ರೋಸ್ ಎಂಬಾತನ ಜೀವನ ಓದಿದೆ. ಅದನ್ನಿಲ್ಲಿ ಹೇಳಲೇಬೇಕು ಅನ್ನಿಸಿತು.

ಗ್ರೋಸ್ ಹುಟ್ಟಿದ್ದು 1731ರ ಸುಮಾರಿಗೆ, ಲಂಡನ್ನಿನಲ್ಲಿ. ಅಪ್ಪ ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದ ಆಭರಣದ ವ್ಯಾಪಾರಿ. ಮಗನಿಗೆ ಚಿತ್ರ ಬರೆಯುವ ಹುಚ್ಚು. ಮುಂದೆ ಸರ್ರೆ ಪ್ರಾಂತದ ಮಿಲಿಷಿಯಾ ದಂಡಿನಲ್ಲಿ ಕ್ಯಾಪ್ಟನ್ ಆದ; ಸಂಬಳ ಬಟವಾಡೆಯೂ ಅವನ ಪಾಲಿಗೆ ಬಂತು. ಲೆಕ್ಕ ಇಡೋದು ಮಾತ್ರ ಗೊತ್ತಿರಲಿಲ್ಲ. ಬಂದದ್ದು ಒಂದು ಜೇಬಿಗೆ, ಕೊಡೋದು ಇನ್ನೊಂದರಿಂದ. ಇದೇ ಅವನ ಖಾತೆ ಪುಸ್ತಕ. ಕೊನೆಗೆ ಸಾಲ ತಲೆಗೆ ಬಂತು. ಹಳೆಯ ಕೋಟೆ, ಚರ್ಚುಗಳ ಚಿತ್ರ ಬರೆದು ಹೊರಡಿಸಿದ ಪುಸ್ತಕಗಳು ಅವನಿಗೆ ಹೆಸರು ತಂದವು.

ಆ ಕಾಲಕ್ಕೆ ಇಂಗ್ಲಿಷಿನ ಯಜಮಾನನೆಂದರೆ ಸ್ಯಾಮ್ಯುಯಲ್ ಜಾನ್ಸನ್. 1755ರ ಆತನ ನಿಘಂಟಿನಲ್ಲಿ ಪದದ ಪರವಾಗಿ ಸಾಕ್ಷಿ ಹೇಳಲು ಗ್ರಂಥಕರ್ತರೇ ಬರಬೇಕು. ಕೂಲಿಕಾರರ, ವ್ಯಾಪಾರಿಗಳ ಮಾತು ಇವತ್ತಿದ್ದು ನಾಳೆ ಹೋಗುವಂಥದು, ಅದನ್ನು ಕಾಪಾಡಬೇಕಾಗಿಲ್ಲ ಅಂತ ಆತನ ಮತ. ಗ್ರೋಸ್ ಸಾಕ್ಷಿ ಹುಡುಕಿದ್ದು ಬೇರೆ ಕಡೆ: ದೂರದ ದಾರಿ ನಡೆಯುವ ಸಿಪಾಯಿಗಳು, ಹಡಗಿನ ಆಳುಗಳು, ಮೀನು ಮಾರುವ ಹೆಂಗಸರು. ರಾತ್ರಿ ಟಾಮ್ ಕಾಕಿಂಗ್ ಎಂಬ ಸಹಾಯಕನ ಜೊತೆ ಲಂಡನ್ನಿನ ಬಡಕೇರಿಗಳನ್ನು ಸುತ್ತಿ, ಹೆಂಡದಂಗಡಿಯಲ್ಲಿ ಕೂತು ಕಿವಿಗೊಡುತ್ತಿದ್ದನೆಂದು ಆಮೇಲಿನವರು ಬರೆದಿದ್ದಾರೆ. ಆಳು ಭಾರಿ ದಪ್ಪ, ಬಲು ತಮಾಷೆಗಾರ; ಅವನೆದುರು ಜನ ಬಾಯಿ ಬಿಗಿ ಹಿಡಿಯಲಿಲ್ಲ ಅಂತ ಕಾಣುತ್ತೆ. 1785ರಲ್ಲಿ ಅವನ ಬೀದಿಮಾತಿನ ನಿಘಂಟು ಹೊರಬಂತು.

ಅದರ ಕೆಲವು ಪದ ನೋಡಿ ನಾನು ಬೆಪ್ಪಾದೆ. ಮಗುವಿಗೆ ‘ಕಿಡ್’, ಸಾಯೋದಕ್ಕೆ ‘ಕಿಕ್ ದಿ ಬಕೆಟ್’, ಗಲಾಟೆಗೆ ‘ರೌ’. ಈ ‘ರೌ’ ಆಗ ಕೇಂಬ್ರಿಜ್ ವಿದ್ಯಾರ್ಥಿಗಳ ಮಾತಂತೆ. ಇವತ್ತು ಪಾರ್ಲಿಮೆಂಟಿನ ಗದ್ದಲಕ್ಕೂ ಪತ್ರಿಕೆಯವರು ಅದನ್ನೇ ಬರೀತಾರೆ. ಎಲ್ಲವೂ ಉಳಿಯಲಿಲ್ಲ ನಿಜ. ಎಷ್ಟೋ ಪದಗಳು ಅವನ ಪುಸ್ತಕದಲ್ಲೇ ಮಲಗಿವೆ. 2023ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವೆಂದು ಆರಿಸಿದ್ದು ‘ರಿಜ್’. ಹುಡುಗ ಹುಡುಗಿಯರು ‘ಕರಿಜ್ಮಾ’ದ ತಲೆ ಬಾಲ ಕತ್ತರಿಸಿ ನಡುವನ್ನಷ್ಟೇ ಇಟ್ಟುಕೊಂಡ ಮಾತು. ಅದು ಬಾಳುತ್ತೋ ಇಲ್ಲವೋ, ಈಗಲೇ ಹೇಳೋರು ಯಾರು? ಬರೆದಿಟ್ಟರೆ ತಾನೆ ಮುಂದಿನವರಿಗೆ ತಿಳಿಯೋದು.

1789ರಲ್ಲಿ ಗ್ರೋಸ್ ಸ್ಕಾಟ್ಲೆಂಡಿಗೆ ಹೋದ. ಅಲ್ಲಿ ಕವಿ ರಾಬರ್ಟ್ ಬರ್ನ್ಸ್‌ನ ಸ್ನೇಹವಾಯಿತು. ತನ್ನೂರ ಹಾಳು ಚರ್ಚಿನ ಚಿತ್ರವನ್ನು ಪುಸ್ತಕದಲ್ಲಿ ಸೇರಿಸೆಂದು ಬರ್ನ್ಸ್ ಕೇಳಿದ. ಹಾಗಾದರೆ ಅದಕ್ಕೊಂದು ಮಾಟಗಾತಿಯರ ಕಥೆ ಕೊಡು ಅಂತ ಗ್ರೋಸ್ ಪಟ್ಟುಹಿಡಿದ. ಹಾಗೆ ಹುಟ್ಟಿದ್ದು, ಸ್ಕಾಟ್ಲೆಂಡಿನ ಆಡುಮಾತು ತುಂಬಿದ ‘ಟ್ಯಾಮ್ ಓ ಶಾಂಟರ್’. 1791ರ ಮೇ ತಿಂಗಳಲ್ಲಿ, ಡಬ್ಲಿನ್ನಿನ ಗೆಳೆಯನೊಬ್ಬನ ಮನೆಯಲ್ಲಿ, ಊಟಕ್ಕೆ ಕೂತಲ್ಲೇ ಗ್ರೋಸ್ ತೀರಿಕೊಂಡ.

ತನ್ನ ಕಿವಿಗೆ ಬಿದ್ದ ಮಾತಿನ ಕುಲಗೋತ್ರ ಕೇಳದೆ ಒಳಗೆ ಕರೆದವನು ಅವನು. ಇದನ್ನೋದಿದ ಮೇಲೆ ಗೆಳೆಯನ ಕಥೆಯ ಮೂಲಪ್ರತಿ ತೆಗೆದು ನೋಡಿದೆ. ಆ ಹುಡುಗ ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಕಾಲರ್ ಎತ್ತಿಕೊಂಡು ನಿಂತಿದ್ದಾನೆ. ಅವನು ಟಪೋರಿಯೇ. ನನ್ನ ‘ಪುಂಡ’ ಎಲ್ಲಿಂದಲೋ ಬಂದವನು, ಅವನಿಗೆ ದಾದರ್ ಗೊತ್ತಿಲ್ಲ.

ನಾಳೆ ಗೆಳೆಯನ ಮನೆಗೆ ಹೋಗ್ತೀನಿ, ಮುಂದಿನ ಸಂಚಿಕೆಗೆ ಕಥೆ ಕೇಳೋಕೆ. ತಿದ್ದೋ ಪೆನ್ನು ಮನೇಲೇ ಬಿಟ್ಟು ಹೋಗ್ತೀನಿ.