ಎಗ್ಮೋರಿನ ವೈದ್ಯ ಮತ್ತು ಪಿಂಗಾಣಿಯ ಮಣ್ಣು

ರೂಟ್ ಕೆನಾಲ್ ಆದ ಹಲ್ಲಿಗೆ ಸೆರಾಮಿಕ್ ಕ್ಯಾಪ್ ಹಾಕಬೇಕು ಎಂದಾಗ ಕೆಲವರಿಗೆ ಅಳುಕು. ಸೆರಾಮಿಕ್ ಎಂದರೆ ಮಣ್ಣೇ ಅಲ್ಲವೇ, ಅದನ್ನು ವರ್ಷಗಟ್ಟಲೆ ಬಾಯಲ್ಲಿ ಇಟ್ಟುಕೊಳ್ಳಬಹುದೇ? ಮಣ್ಣು ಪಿಂಗಾಣಿಯಾಗುವ ಬಗೆ ತಿಳಿದರೆ ಈ ಅಳುಕು ಕಡಿಮೆಯಾಗುತ್ತದೆ. ಅದರಲ್ಲಿ ಮುಳುಗಿದ್ದ ಒಬ್ಬ ವೈದ್ಯರು ಚೆನ್ನೈನ ಎಗ್ಮೋರಿನಲ್ಲಿ ಇದ್ದರು.

ಅವರು ಅಲೆಕ್ಸಾಂಡರ್ ಹಂಟರ್. ಈಸ್ಟ್ ಇಂಡಿಯಾ ಕಂಪನಿಯ ಸರ್ಜನ್ ಆಗಿ ಮದರಾಸಿಗೆ ಬಂದವರು. 1850ರಲ್ಲಿ ತಮ್ಮದೇ ಖರ್ಚಿನಲ್ಲಿ ಕಲಾಶಾಲೆ ತೆರೆದರು. ಮರುವರ್ಷ ಅದಕ್ಕೆ ಕೈಗಾರಿಕಾ ವಿಭಾಗ ಸೇರಿತು. 1855ರಲ್ಲಿ ಸರ್ಕಾರ ಶಾಲೆಯನ್ನು ವಹಿಸಿಕೊಂಡರೂ ಮುಖ್ಯಸ್ಥರಾಗಿ ಹಂಟರ್ ಅವರೇ 1868ರವರೆಗೆ ಮುಂದುವರಿದರು. ಎಗ್ಮೋರಿನ ಪೂನಮಲ್ಲಿ ಹೈರೋಡಿನಲ್ಲಿರುವ ಇಂದಿನ ಸರ್ಕಾರಿ ಲಲಿತಕಲಾ ಕಾಲೇಜು ಆ ಶಾಲೆಯೇ. ಚಿತ್ರಕಲೆ, ಫೋಟೋಗ್ರಫಿಯ ಜೊತೆಗೆ ಅಲ್ಲಿ ಮಡಕೆ, ಇಟ್ಟಿಗೆ, ಹೆಂಚುಗಳ ಕೆಲಸವೂ ನಡೆಯುತ್ತಿತ್ತು. ಹಂಟರ್ ಮದರಾಸು ಪ್ರಾಂತ್ಯದ ಜೇಡಿಮಣ್ಣು ಮತ್ತು ಕಲ್ಲುಗಳನ್ನು ಪರೀಕ್ಷಿಸುತ್ತಿದ್ದರು. ಯಾವುದು ಬೆಂಕಿ ತಡೆಯುತ್ತದೆ, ಯಾವುದು ಬಿಳಿಯಾಗಿ ಬೇಯುತ್ತದೆ ಎಂಬುದೇ ಅವರ ಹುಡುಕಾಟ.

ಅವರು ಹಲ್ಲು ಮಾಡಲಿಲ್ಲ. ಆದರೆ ಅದೇ ಕಾಲದಲ್ಲಿ ಲಂಡನ್ ಮತ್ತು ಫಿಲಡೆಲ್ಫಿಯಾದಲ್ಲಿ ಪಿಂಗಾಣಿ ಹಲ್ಲುಗಳು ತಯಾರಾಗುತ್ತಿದ್ದವು. ಅವಕ್ಕೂ ಬೇಕಾದ್ದು ಕುಂಬಾರರ ಮೂರು ವಸ್ತುಗಳೇ: ಬಿಳಿ ಜೇಡಿಮಣ್ಣಾದ ಕೇಯೋಲಿನ್, ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಎಂಬ ಖನಿಜ. ವ್ಯತ್ಯಾಸ ಪ್ರಮಾಣದಲ್ಲಿ. ತಟ್ಟೆ ಬಟ್ಟಲಿಗೆ ಜೇಡಿ ಹೆಚ್ಚು ಬೇಕು. ಹಲ್ಲಿನ ಪಿಂಗಾಣಿಯಲ್ಲಿ ಬಹುಪಾಲು ಫೆಲ್ಡ್‌ಸ್ಪಾರ್. ಅದು ಕರಗಿ ಗಾಜಾಗುವುದರಿಂದಲೇ ಹಲ್ಲಿಗೆ ಸಹಜವಾದ ಅರೆಪಾರದರ್ಶಕ ಹೊಳಪು ಬರುತ್ತದೆ. ಜೇಡಿ ಅತ್ಯಲ್ಪ, ಇಂದು ಅನೇಕ ಪುಡಿಗಳಲ್ಲಿ ಇಲ್ಲವೇ ಇಲ್ಲ. ಅಂದರೆ ನಿಮ್ಮ ಕ್ಯಾಪ್ ಮಣ್ಣಿಗಿಂತ ಗಾಜಿಗೆ ಹತ್ತಿರದ್ದು.

ನಿಜವಾದ ಶ್ರಮ ಶುದ್ಧೀಕರಣದ್ದು. ಜೇಡಿಯನ್ನು ನೀರಿನಲ್ಲಿ ಕದಡಿ, ಮರಳು ತಳ ಸೇರಿದ ಮೇಲೆ ಮೇಲಿನ ಹಾಲಿನಂಥ ನೀರನ್ನು ಬಸಿದುಕೊಳ್ಳುತ್ತಾರೆ. ಅಕ್ಕಿ ತೊಳೆದಂತೆಯೇ ಅನ್ನಿ. ಕಲ್ಲುಗಳನ್ನು ಪುಡಿಮಾಡಿ, ಅಯಸ್ಕಾಂತದಿಂದ ಕಬ್ಬಿಣದ ಕಣ ತೆಗೆಯುತ್ತಾರೆ. ಸ್ವಲ್ಪ ಕಬ್ಬಿಣ ಉಳಿದರೂ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಬಳಿಕ ಮಿಶ್ರಣವನ್ನು ಕರಗಿಸಿ, ತಟ್ಟನೆ ನೀರಿಗೆ ಸುರಿದು, ಒಡೆದ ಗಾಜನ್ನು ಮತ್ತೆ ನುಣ್ಣಗೆ ಅರೆಯುತ್ತಾರೆ. ಅಕ್ಕಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಲು ಲೋಹದ ಆಕ್ಸೈಡ್‌ಗಳನ್ನು ಅಳೆದು ಸೇರಿಸುತ್ತಾರೆ.

ಈಗ ಹೆಚ್ಚಾಗಿ ಕೇಳಿಬರುವ ಜಿರ್ಕೋನಿಯಾ ಬೇರೆಯೇ ಜಾತಿಯದು. ಅದರ ಮೂಲ ಜಿರ್ಕಾನ್ ಎಂಬ ಖನಿಜ. ತಮಿಳುನಾಡಿನ ಮಣವಾಳಕುರಿಚಿ, ಕೇರಳದ ಚವರ ಕಡಲತೀರದ ಮರಳಿನಲ್ಲೂ ಇದೆ. ಅದರಲ್ಲಿ ಸಹಜವಾಗಿ ಅತ್ಯಲ್ಪ ಯುರೇನಿಯಂ, ಥೋರಿಯಂ ಇರುವುದರಿಂದ ರಾಸಾಯನಿಕವಾಗಿ ಶುದ್ಧೀಕರಿಸುತ್ತಾರೆ. ದಂತ ಸೆರಾಮಿಕ್‌ಗಳಲ್ಲಿ ವಿಕಿರಣಶೀಲತೆ ಎಷ್ಟಿರಬಹುದು ಎಂಬುದಕ್ಕೆ ಅಂತಾರಾಷ್ಟ್ರೀಯ ಮಿತಿ ಇದೆ. ಕುಲುಮೆಯಲ್ಲಿ ಜಿರ್ಕೋನಿಯಾ ಸುಮಾರು ಶೇ. 20ರಷ್ಟು ಕುಗ್ಗುವುದರಿಂದ ಮೊದಲು ದೊಡ್ಡದಾಗಿ ಕೊರೆದು ಸುಡುತ್ತಾರೆ. ಅಳತೆ ಕೊಟ್ಟ ದಿನವೇ ಕ್ಯಾಪ್ ಸಿಗದಿರಲು ಇದೂ ಒಂದು ಕಾರಣ.

ಕ್ಯಾಪ್ ಹಾಕಿಸುವ ಮೊದಲು ವಸ್ತುವಿನ ಹೆಸರು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮುಚ್ಚಿಡಬೇಡಿ, ವಸ್ತುವಿನ ಆಯ್ಕೆಯೇ ಬದಲಾಗಬಹುದು. ಸೆರಾಮಿಕ್‌ಗೆ ಹುಳುಕು ಹಿಡಿಯದು, ಅದರಡಿಯ ಹಲ್ಲಿಗೆ ಹಿಡಿಯುತ್ತದೆ. ಆದ್ದರಿಂದ ಒಸಡಿನ ಅಂಚನ್ನು ದಿನಕ್ಕೆ ಎರಡು ಬಾರಿ ಉಜ್ಜಿ. ಕ್ಯಾಪ್ ಕಳಚಿದರೆ ಮನೆಯ ಅಂಟಿನಿಂದ ಕೂರಿಸದೆ, ಒಂದು ಡಬ್ಬಿಯಲ್ಲಿಟ್ಟು ದಂತವೈದ್ಯರ ಬಳಿಗೆ ಒಯ್ಯಿರಿ.